ಗಿರಿದುರ್ಗಗಳೂ ರಜಾಯಾತ್ರಿಕರೂ

ಮಳೆಗಾಲವು ಹಿಂದೆಗೆದು, ಗದ್ದೆಗಳಲ್ಲಿ ತೆನೆ ಬಾಗಿ, ಮುಂಜಾವದಲ್ಲಿ ಮಂಜು ಕವಿಯತೊಡಗಿದೊಡನೆಯೇ ನಮ್ಮ ಪಟ್ಟಣವಾಸಿಗಳಿಗೆ ಬೆಟ್ಟಗಳ ನೆನಪಾಗುವುದು ಈಗ ವಾಡಿಕೆಯಾಗಿದೆ. ದಸರೆಯೋ ದೀಪಾವಳಿಯೋ ವರ್ಷಾಂತ್ಯದ ಬಿಡುವೋ, ಎರಡು ದಿನಗಳ ರಜೆ ಒಟ್ಟಿಗೆ ದೊರೆತರೆ ಸಾಕು. ನಂದಿ, ಸಾವನದುರ್ಗ, ಮಧುಗಿರಿ, ಚಿತ್ರದುರ್ಗ, ಕವಲೇದುರ್ಗ ಮೊದಲಾದ ಬೆಟ್ಟಗಳ ತಪ್ಪಲು ವಾಹನಗಳಿಂದ ತುಂಬಿಹೋಗುತ್ತದೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ಹೇಳಿಕೊಂಡು ಮನೆಯಲ್ಲಿಯೇ ಕುಳಿತಿದ್ದ ಜನರು ಇಂದು ಹತ್ತಿರಕ್ಕೆ ಹೋಗಿ, ಅದರ ಒರಟುತನವನ್ನು ತಮ್ಮ ಅಂಗಾಲಿನಿಂದಲೇ ಅರಿಯಲು ಹೊರಟಿರುವುದನ್ನು ಯಾರು ತಾನೆ ಆಕ್ಷೇಪಿಸಿಯಾರು? ಕಚೇರಿಯ ಕುರ್ಚಿಯಲ್ಲಿ ಜಡವಾದ ದೇಹಕ್ಕೆ ಇದು ವ್ಯಾಯಾಮ. ಕಾಗದಪತ್ರಗಳಲ್ಲಿ ಮಸುಕಾದ ಕಣ್ಣಿಗೆ ಇದು ಔಷಧ. ನಾವು ಇದನ್ನು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ.

ಆದರೆ ಬೆಟ್ಟವನ್ನು ಹತ್ತುವುದು ಬೇರೆ, ದುರ್ಗವನ್ನು ನೋಡುವುದು ಬೇರೆ. ಈಚೆಗೆ ಒಂದು ಭಾನುವಾರ ಕೆಲವು ಮಿತ್ರರೊಡನೆ ನಾವು ಇಂತಹ ದುರ್ಗವೊಂದನ್ನು ಹತ್ತಿದ್ದೆವು. ಅದರ ಹೆಸರು ಇಲ್ಲಿ ಬೇಡ. ಏತಕ್ಕೆಂದರೆ ಅಲ್ಲಿ ಕಂಡದ್ದನ್ನು ಬೇರೆ ಹತ್ತು ಕಡೆಗಳಲ್ಲಿಯೂ ಕಾಣಬಹುದು. ತುದಿಯಲ್ಲಿ ನೂರಾರು ಜನ ತರುಣರು ನೆರೆದಿದ್ದರು. ಎಲ್ಲರೂ ಬಯಲಿನ ಕಡೆಗೆ ಬೆನ್ನು ಮಾಡಿ ನಿಂತು ತಮ್ಮ ತಮ್ಮ ಮುಖಗಳ ಛಾಯಾಚಿತ್ರವನ್ನು ತೆಗೆದುಕೊಳ್ಳುವುದರಲ್ಲಿ ಮಗ್ನರಾಗಿದ್ದರು. ಇಳಿಯುವಾಗ ಒಬ್ಬ ಮುದುಕ ಕುರಿಗಾರನು ನಮ್ಮನ್ನು ತಡೆದು, “ದೊಣೆ ನೋಡಿದಿರಾ ಸ್ವಾಮಿ?” ಎಂದು ಕೇಳಿದನು. ನಾವು ನೋಡಿರಲಿಲ್ಲ. ಆತನು ನಮ್ಮನ್ನು ದಾರಿಯಿಂದ ಐವತ್ತು ಹೆಜ್ಜೆ ಆಚೆಗೆ ಕರೆದೊಯ್ದು ತೋರಿಸಿದನು. ಬಂಡೆಯ ಮೈಯ ಮೇಲೆ ಬೆರಳು ಹೂಳುವಷ್ಟು ಆಳದ ಒಂದು ಕಾಲುವೆಯನ್ನು ಯಾರೋ ಕಂಡರಿಸಿದ್ದರು. ಇಡೀ ಇಳಿಜಾರಿನ ಮಳೆನೀರನ್ನು ಅದು ಒಂದು ಕಡೆಗೆ ತಂದು ಕಲ್ಲಿನ ದೊಣೆಗೆ ತುಂಬುತ್ತಿತ್ತು. ಆ ಕಾಲುವೆಯ ಬಾಯಿಯಲ್ಲಿ ಪ್ಲಾಸ್ಟಿಕ್ ಸೀಸೆಗಳೂ ತಿಂಡಿಯ ಪೊಟ್ಟಣಗಳೂ ಸಿಕ್ಕಿಕೊಂಡು ನೀರು ಬೇರೆ ಕಡೆಗೆ ಹರಿದುಹೋಗಿತ್ತು. ಮುದುಕನು ತನ್ನ ಕೋಲಿನಿಂದ ಅವುಗಳನ್ನು ಕೆದಕಿ ತೆಗೆಯುತ್ತ, “ನನ್ನ ಕುರಿಗೆ ಈ ಬೇಸಗೆಗೆ ನೀರಿಲ್ಲ” ಎಂದಷ್ಟೆ ಹೇಳಿದನು. ಆತನು ಯಾರನ್ನೂ ಬಯ್ಯಲಿಲ್ಲ. ಬಯ್ದಿದ್ದರೆ ನಮ್ಮ ಮನಸ್ಸಿಗೆ ಅಷ್ಟು ನಾಟುತ್ತಿರಲಿಲ್ಲವೆಂದು ತೋರುತ್ತದೆ.

ಆ ದಿನದಿಂದ ನಮಗೆ ಒಂದು ಮಾತು ಸ್ಪಷ್ಟವಾಗಿದೆ. ದುರ್ಗದ ಜೀವವು ಅದರ ತುದಿಯಲ್ಲಿಲ್ಲ; ಅದರ ದಾರಿಯಲ್ಲಿಯೂ ಬಾಗಿಲುಗಳಲ್ಲಿಯೂ ವಿಶೇಷವಾಗಿ ಅದರ ನೀರಿನಲ್ಲಿಯೂ ಇದೆ. ಇವುಗಳನ್ನು ಬಿಟ್ಟು ತುದಿಯನ್ನು ಮುಟ್ಟಿ ಬಂದವನು ಬೆಟ್ಟವನ್ನು ಹತ್ತಿದವನೇ ಹೊರತು ದುರ್ಗವನ್ನು ಕಂಡವನಲ್ಲ. ಕಾಣದುದನ್ನು ಜನರು ಕಾಯುವುದೂ ಇಲ್ಲ. ನಮ್ಮ ದುರ್ಗಗಳ ಇಂದಿನ ಕೇಡಿಗೆ ಇದೇ ಮೂಲಕಾರಣವೆಂದು ನಾವು ಭಾವಿಸುತ್ತೇವೆ.

ದುರ್ಗವೆಂಬ ಶಬ್ದಕ್ಕೆ ಹೋಗಲು ಕಷ್ಟವಾದ ಸ್ಥಳವೆಂದು ಅರ್ಥ. ಕೌಟಿಲ್ಯನು ಜಲದುರ್ಗ, ಪರ್ವತದುರ್ಗ, ಮರುಭೂಮಿಯ ದುರ್ಗ, ವನದುರ್ಗಗಳೆಂದು ನಾಲ್ಕು ವಿಧಗಳನ್ನು ಹೇಳಿದ್ದಾನೆ; ಮನುಸ್ಮೃತಿಯು ಆರು ವಿಧಗಳನ್ನು ಹೇಳಿ, ಅವುಗಳಲ್ಲಿ ಗಿರಿದುರ್ಗವೇ ಶ್ರೇಷ್ಠವೆಂದು ನಿರ್ಣಯಿಸುತ್ತದೆ. ಕನ್ನಡ ನಾಡಿನ ಅರಸರಿಗೆ ಇದು ಪುಸ್ತಕದ ಮಾತಾಗಿ ಉಳಿಯಲಿಲ್ಲ. ಹೊಯ್ಸಳರ ಇಮ್ಮಡಿ ವೀರಬಲ್ಲಾಳನು ೧೨ನೆಯ ಶತಮಾನದಲ್ಲಿ ಪಾಂಡ್ಯರ ವಶದಲ್ಲಿದ್ದ ಉಚ್ಚಂಗಿಯ ಬೆಟ್ಟದ ಕೋಟೆಯನ್ನು ಗೆದ್ದನು. ಆತನ ಬಿರುದುಗಳಲ್ಲಿ ‘ಗಿರಿದುರ್ಗಮಲ್ಲ’ ಎಂಬುದೂ ಒಂದು. ಬೆಟ್ಟದ ಕೋಟೆಯನ್ನು ಹಿಡಿಯುವುದು ಒಂದು ಬಿರುದನ್ನು ಗಳಿಸಿಕೊಡುವಷ್ಟು ದುಸ್ಸಾಧ್ಯವಾದ ಕಾರ್ಯವಾಗಿತ್ತೆಂಬುದು ಇದರಿಂದ ವಿಶದವಾಗುತ್ತದೆ. ವಿಜಯನಗರದ ತರುವಾಯ ತಲೆಯೆತ್ತಿದ ಪಾಳೆಯಗಾರರೂ ನಾಯಕರೂ ಇದೇ ಮಾರ್ಗವನ್ನು ಹಿಡಿದರು. ಚಿತ್ರದುರ್ಗದ ನಾಯಕರು, ಕೆಳದಿಯ ಅರಸರು, ಮಾಗಡಿಯ ಕೆಂಪೇಗೌಡನ ವಂಶದವರು, ಮಧುಗಿರಿಯ ಗೌಡರು, ಇವರೆಲ್ಲರೂ ಬಯಲಿನಲ್ಲಿ ಉತ್ತು ಬಿತ್ತಿ, ಆಪತ್ಕಾಲಕ್ಕೆ ಬೆಟ್ಟವನ್ನು ನಂಬಿದವರು.

ಬೆಟ್ಟವನ್ನು ನಂಬಬೇಕಾದರೆ ಅಲ್ಲಿ ನೀರಿರಬೇಕು. ಗೋಡೆ ಎಷ್ಟೇ ದಪ್ಪವಾಗಿರಲಿ, ನೀರಿಲ್ಲದ ಕೋಟೆಯು ಹೆಚ್ಚು ದಿನ ನಿಲ್ಲಲಾರದು. ಮಧುಗಿರಿಯ ಉತ್ಪತ್ತಿಯ ವಿಷಯದಲ್ಲಿ ಜನರು ಹೇಳುವ ಕಥೆಯು ಈ ತತ್ತ್ವವನ್ನೇ ಸಾರುತ್ತದೆ. ಹಿಂಡಿನಿಂದ ತಪ್ಪಿಸಿಕೊಂಡ ಕುರಿಯೊಂದು ಬೆಟ್ಟದ ಕಡೆಯಿಂದ ಮೈಯೆಲ್ಲ ತೊಯ್ದು ಹಿಂದಿರುಗಿತಂತೆ. ಅದರ ಜಾಡನ್ನು ಹಿಡಿದು ಹೋದವರಿಗೆ ಮೇಲೆ ನೀರಿನ ಸೆಲೆಯೊಂದು ಕಂಡಿತು. ಆ ಮೇಲೆಯೇ ರಾಜಾ ಹಿರೇಗೌಡನು ಅಲ್ಲಿ ಕೋಟೆಯನ್ನು ಕಟ್ಟಿದನು. ಕಥೆಯು ನಿಜವೋ ಅಲ್ಲವೋ, ಅದನ್ನು ಕಟ್ಟಿದವರು ತಿಳಿದವರು. ಮೊದಲು ನೀರು, ಅನಂತರ ಗೋಡೆ. ಸಮುದ್ರಮಟ್ಟದಿಂದ ಸುಮಾರು ೩,೯೦೦ ಅಡಿ ಎತ್ತರವಿರುವ ಆ ಏಕಶಿಲೆಯ ಬೆಟ್ಟವನ್ನು ಇಂದು ಹತ್ತುವವರು ಬಂಡೆಯಲ್ಲಿ ಕೊರೆದ ಮೆಟ್ಟಿಲುಗಳನ್ನೂ ಕಬ್ಬಿಣದ ಹಿಡಿಕಂಬಿಗಳನ್ನೂ ನೆನಪಿಟ್ಟುಕೊಳ್ಳುತ್ತಾರೆ. ಆದರೆ ಆ ಕುರಿಯನ್ನು ನೆನೆಯುವವರು ವಿರಳ.

ನಮ್ಮ ಬಂಡೆಗಳ ಗುಣವನ್ನು ಬಲ್ಲವರಿಗೆ ಈ ಜಾಣ್ಮೆಯ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಸಾವನದುರ್ಗ, ಮಧುಗಿರಿ ಮುಂತಾದ ಬೆಟ್ಟಗಳು ಸೇರಿರುವ ಶಿಲೆಯ ಪಟ್ಟಿಯನ್ನು ಭೂಗರ್ಭಶಾಸ್ತ್ರಜ್ಞರು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ಕ್ಲೋಸ್‌ಪೇಟೆಯೆಂಬುದು ರಾಮನಗರಕ್ಕೆ ಹಿಂದೆ ಇದ್ದ ಹೆಸರು. ಅದರ ವಯಸ್ಸು ಸುಮಾರು ೨೫೦ ಕೋಟಿ ವರ್ಷಗಳು. ಬಿರುಕಿಲ್ಲದ ಕಡೆಗಳಲ್ಲಿ ಈ ಕಲ್ಲು ನೀರನ್ನು ಕುಡಿಯುವುದಿಲ್ಲ. ಬಿದ್ದ ಮಳೆಯೆಲ್ಲವೂ ಕ್ಷಣಮಾತ್ರದಲ್ಲಿ ಜಾರಿ ಬಯಲನ್ನು ಸೇರುತ್ತದೆ. ಹೀಗೆ ಓಡಿಹೋಗುವ ನೀರನ್ನು ಅಡ್ಡಗಟ್ಟಿ, ಬಂಡೆಯ ತಗ್ಗುಗಳಿಗೆ ಕಟ್ಟೆಯಿಟ್ಟು, ಒಂದರ ಹೆಚ್ಚಿನ ನೀರು ಇನ್ನೊಂದಕ್ಕೆ ಇಳಿಯುವಂತೆ ಮಾಡಿದವರು ಯಾವ ಇಂಜಿನಿಯರಿಂಗ್ ಕಾಲೇಜಿನಲ್ಲಿಯೂ ಓದಿದವರಲ್ಲ. ಚಿತ್ರದುರ್ಗದ ಗೋಪಾಲಸ್ವಾಮಿ ಹೊಂಡದಿಂದ ಮೊದಲುಗೊಂಡು ಅಕ್ಕ-ತಂಗಿ ಹೊಂಡದ ಮೂಲಕ ಕೆಳಗಿನ ಊರಿನ ಸಂತೆಹೊಂಡದವರೆಗೆ ನೀರಿನ ಹಾದಿಯನ್ನು ಒಮ್ಮೆ ನಡೆದು ನೋಡಬೇಕು. ಮೇಲಿನ ಕೋಟೆಯು ಕುಡಿದು ಉಳಿದ ನೀರು ಕೆಳಗಿನ ಊರಿಗೆ ಸಲ್ಲುತ್ತಿತ್ತು. ಅರಸನು ಪ್ರಜೆಗೂ ಬೆಟ್ಟವು ಬಯಲಿಗೂ ತೋರಿಸಬೇಕಾದ ಕರ್ತವ್ಯವನ್ನು ಕಲ್ಲಿನಲ್ಲಿ ಹೀಗೆ ಬರೆದಿಟ್ಟಿರುವುದು ಸಾಮಾನ್ಯವಾದ ಮಾತಲ್ಲ.

ಚಿತ್ರದುರ್ಗಕ್ಕೆ ಹೋದವರೆಲ್ಲರೂ ಒನಕೆ ಓಬವ್ವನ ಕಿಂಡಿಯನ್ನು ಕೇಳಿಕೊಂಡು ಹೋಗುತ್ತಾರೆ. ೧೯೭೨ರಲ್ಲಿ ತೆರೆಕಂಡ ‘ನಾಗರಹಾವು’ ಚಲನಚಿತ್ರವು ಆ ಕಥೆಯನ್ನು ಮನೆಮನೆಗೂ ಮುಟ್ಟಿಸಿತು. ಆದರೆ ಆ ಜನಶ್ರುತಿಯನ್ನು ಸಾವಧಾನವಾಗಿ ಕೇಳಿದರೆ ಅದರ ನಡುವೆಯೂ ನೀರೇ ಇದೆ. ಕಾವಲುಗಾರನಾದ ಗಂಡನು ಊಟಕ್ಕೆ ಕುಳಿತಿದ್ದನು. ಆತನಿಗೆ ಕುಡಿಯಲು ನೀರು ತರುವುದಕ್ಕೆಂದು ಕೊಳದ ಬಳಿಗೆ ಹೋದಾಗ ಓಬವ್ವನಿಗೆ ಕಿಂಡಿಯಲ್ಲಿ ನುಸುಳಿ ಬರುತ್ತಿದ್ದ ಹೈದರನ ಸೈನಿಕರ ಸುಳಿವು ಸಿಕ್ಕಿತು. ಕೈಗೆ ಸಿಕ್ಕಿದ ಒನಕೆಯೇ ಆಯುಧವಾಯಿತು. ಏಳುಸುತ್ತಿನ ಕೋಟೆಯನ್ನು ಆ ದಿನ ಕಾಪಾಡಿದವಳು ಸೇನಾಪತಿಯಲ್ಲ, ನೀರಿಗೆ ಹೋದ ಒಬ್ಬ ಹೆಂಗಸು. ಇಂದಿನ ಯಾತ್ರಿಕನು ಕಿಂಡಿಯಲ್ಲಿ ತಾನೂ ಒಮ್ಮೆ ನುಸುಳಿ ನಕ್ಕು ಮುಂದಕ್ಕೆ ಹೋಗುತ್ತಾನೆ. ಆಕೆ ಕೊಡ ಹಿಡಿದು ಹೊರಟ ಕೊಳದ ಕಡೆಗೆ ತಿರುಗಿಯೂ ನೋಡುವುದಿಲ್ಲ.

ನೀರಿನ ತರುವಾಯ ಬಾಗಿಲುಗಳನ್ನು ನೋಡಬೇಕು. ನಮ್ಮ ದುರ್ಗಗಳ ಬಾಗಿಲುಗಳು ಒಂದಕ್ಕೊಂದು ನೇರವಾಗಿರುವುದಿಲ್ಲ. ಒಂದನ್ನು ದಾಟಿದವನು ಎಡಕ್ಕೋ ಬಲಕ್ಕೋ ಥಟ್ಟನೆ ತಿರುಗಬೇಕು. ತಿರುಗಿದೊಡನೆ ಎದುರಿಗೆ ಗೋಡೆ, ಮೇಲೆ ಬಂದೂಕಿನ ಕಂಡಿಗಳು. ಆನೆಯು ಓಡಿಬಂದು ಬಾಗಿಲನ್ನು ಗುಮ್ಮಲು ಬೇಕಾದ ಬಯಲು ಅಲ್ಲಿ ಇಲ್ಲದಂತೆ ಮಾಡಿರುವುದೇ ಇದರ ಮರ್ಮ. ತೀರ್ಥಹಳ್ಳಿಯ ಸೀಮೆಯ ಕವಲೇದುರ್ಗಕ್ಕೆ ಗದ್ದೆಯ ಬದಿಯಿಂದ ಕಲ್ಲುಹಾಸಿನ ದಾರಿಯಲ್ಲಿ ಏರಿಹೋಗುವಾಗ ಒಂದಾದ ಮೇಲೊಂದು ಬರುವ ಬಾಗಿಲುಗಳ ಎರಡು ಪಕ್ಕಗಳಲ್ಲಿಯೂ ಕಾವಲುಗಾರರು ಕುಳಿತಿರುತ್ತಿದ್ದ ಜಗಲಿಗಳು ಇಂದಿಗೂ ಇವೆ. ಹಿಂದೆ ಭುವನಗಿರಿಯೆಂದು ಹೆಸರಾಗಿದ್ದ ಆ ದುರ್ಗದ ಜಗಲಿಯ ಮೇಲೆ ಅರೆಗಳಿಗೆ ಕುಳಿತು ದಣಿವಾರಿಸಿಕೊಳ್ಳುವವನಿಗೆ, ಕೆಳಗಿನ ದಾರಿಯಲ್ಲಿ ಯಾರು ಬಂದರೂ ತನ್ನ ಕಣ್ಣಿಗೆ ಬೀಳದೆ ಇರಲಾರರೆಂಬುದು ತಾನಾಗಿಯೇ ಹೊಳೆಯುತ್ತದೆ. ಇದನ್ನು ಯಾವ ಪುಸ್ತಕವೂ ಅಷ್ಟು ಚೆನ್ನಾಗಿ ಕಲಿಸಲಾರದು. ದುರ್ಗವನ್ನು ಕಾಲಿನಿಂದ ಓದಬೇಕೆಂದು ನಾವು ಹೇಳುವುದು ಈ ಕಾರಣದಿಂದಲೇ.

ದುರ್ಗಗಳು ಅಜೇಯವಾಗಿದ್ದುವೆಂದು ಜಂಬ ಕೊಚ್ಚಿಕೊಳ್ಳುವುದು ನಮ್ಮ ಉದ್ದೇಶವಲ್ಲ. ೧೭೬೩ರಲ್ಲಿ ಬಿದನೂರನ್ನು ಕಳೆದುಕೊಂಡ ಕೆಳದಿಯ ರಾಣಿ ವೀರಮ್ಮಾಜಿಯನ್ನು ಹೈದರಾಲಿಯು ಇದೇ ಮಧುಗಿರಿಯಲ್ಲಿ ಸೆರೆಯಿಟ್ಟನು. ಒಬ್ಬರನ್ನು ಕಾಯಲು ಕಟ್ಟಿದ ಗೋಡೆ ಮತ್ತೊಬ್ಬರನ್ನು ಕೂಡಿಹಾಕಲು ಒದಗಿತು. ೧೭೭೯ರಲ್ಲಿ ಚಿತ್ರದುರ್ಗವು ಹೈದರನ ವಶವಾಗಿ, ಮದಕರಿನಾಯಕನ ಆಳ್ವಿಕೆ ಕೊನೆಗೊಂಡಿತು. ೧೭೯೧ನೆಯ ಅಕ್ಟೋಬರಿನಲ್ಲಿ ನಂದಿದುರ್ಗವನ್ನೂ, ಅದೇ ವರ್ಷದ ಡಿಸೆಂಬರ್ ೨೧ರಂದು ಸಾವನದುರ್ಗವನ್ನೂ ಕಾರ್ನ್‌ವಾಲಿಸನ ಸೈನ್ಯವು ಫಿರಂಗಿಗಳಿಂದ ಗೋಡೆಯನ್ನೊಡೆದು ನುಗ್ಗಿ ಹಿಡಿಯಿತು. ದೊಡ್ಡ ಫಿರಂಗಿಯು ಕಾಡನ್ನು ದಾಟಿ ಬೆಟ್ಟದ ಬುಡಕ್ಕೆ ಬಂದ ದಿನವೇ ಗಿರಿದುರ್ಗಗಳ ಕಾಲವು ಮುಗಿಯಿತೆಂದು ಹೇಳಬಹುದು. ಆದರೂ ಜನರ ಮನಸ್ಸಿನಲ್ಲಿ ಅವುಗಳ ಮೇಲಿದ್ದ ಭರವಸೆ ಅಳಿಯಲಿಲ್ಲ. ೧೮೫೮ರಲ್ಲಿ ಮುಂಡರಗಿಯ ಭೀಮರಾಯನು ಕಂಪನಿಯ ಸರ್ಕಾರದ ವಿರುದ್ಧ ಎದ್ದಾಗ ಕೊಪ್ಪಳದ ಕೋಟೆಯನ್ನೇ ಹೊಕ್ಕನು, ಅಲ್ಲಿಯೇ ಮಡಿದನು. ಸೋತ ಕೋಟೆಗೂ ಹೇಳಬೇಕಾದುದು ಉಂಟು. ಗೆದ್ದ ಕೋಟೆಗಿಂತ ಅದು ಹೇಳುವುದೇ ಹೆಚ್ಚು.

ಇಂತಹ ಸ್ಥಳಗಳಲ್ಲಿ ಇಂದು ನಡೆಯುತ್ತಿರುವುದೇನು? ಮೊದಲನೆಯದು, ಹೆಸರು ಕೆತ್ತುವ ಚಾಳಿ. ನೂರಾರು ವರ್ಷಗಳ ಗಾರೆಯ ಮೇಲೆ ತನ್ನ ಹೆಸರನ್ನೂ ತನ್ನ ಪ್ರಿಯತಮೆಯ ಹೆಸರನ್ನೂ ಮೊಳೆಯಿಂದ ಗೀಚಿ ಬರುವ ತರುಣನು ಯಾವ ಕೀರ್ತಿಯನ್ನು ಸಂಪಾದಿಸಿದನೋ ನಮಗೆ ತಿಳಿಯದು. ಕೋಟೆಯನ್ನು ಕಟ್ಟಿದ ಒಡ್ಡರೂ ಕಲ್ಲುಕುಟಿಗರೂ ತಮ್ಮ ಹೆಸರನ್ನು ಕೆತ್ತಿಡಲಿಲ್ಲವೆಂಬುದನ್ನು ಅವನು ಯೋಚಿಸಬೇಕು. ಎರಡನೆಯದು, ನಿಧಿಯ ಆಸೆ. ಅಮಾವಾಸ್ಯೆಯ ರಾತ್ರಿಗಳಲ್ಲಿ ಬಸವಣ್ಣನ ವಿಗ್ರಹದ ಅಡಿಯನ್ನೂ ಬಾಗಿಲಿನ ಹೊಸ್ತಿಲನ್ನೂ ಅಗೆದು ಹಾಕುವವರ ಸುದ್ದಿಗಳು ಪತ್ರಿಕೆಗಳಿಗೆ ಹೊಸವಲ್ಲ. ಬೆಟ್ಟ ಅಗೆದು ಇಲಿ ಹಿಡಿದರೆಂಬ ಗಾದೆಯಾದರೂ ಇವರಿಗೆ ಸಲ್ಲುವುದಿಲ್ಲ. ಇವರಿಗೆ ಇಲಿಯೂ ಸಿಕ್ಕುವುದಿಲ್ಲ, ಬೆಟ್ಟವೂ ಉಳಿಯುವುದಿಲ್ಲ. ಮೂರನೆಯದು, ನಾವು ಕಂಡ ಸೀಸೆಗಳು. ಮೊದಲಿನ ಎರಡನ್ನು ಮಾಡುವವರು ಕೆಲವರು. ಮೂರನೆಯದನ್ನು ಮಾಡುವವರಲ್ಲಿ ಓದಿದವರೂ, ಅಧಿಕಾರಸ್ಥರೂ, ಈ ಅಂಕಣವನ್ನು ಓದುವವರೂ ಇರಬಹುದೆಂಬುದೇ ನಮ್ಮ ವ್ಯಥೆ.

ಕಾನೂನು ಇಲ್ಲವೆಂದು ಹೇಳುವ ಹಾಗಿಲ್ಲ. ಭೂಮಿಯಲ್ಲಿ ದೊರೆತ ನಿಧಿಯ ವಿಷಯದಲ್ಲಿ ೧೮೭೮ರಷ್ಟು ಹಿಂದೆಯೇ ಶಾಸನವಾಗಿದೆ. ಪ್ರಾಚೀನ ಸ್ಮಾರಕಗಳ ೧೯೫೮ರ ಕಾಯಿದೆಯು ಕೇಂದ್ರ ಸರ್ಕಾರದ ರಕ್ಷಣೆಗೆ ಒಳಪಟ್ಟ ಸ್ಮಾರಕವನ್ನು ಕೆಡಿಸಿದವರಿಗೆ ಶಿಕ್ಷೆಯನ್ನು ವಿಧಿಸುತ್ತದೆ. ೨೦೧೦ರ ತಿದ್ದುಪಡಿಯಿಂದ ಆ ಶಿಕ್ಷೆಯು ಎರಡು ವರ್ಷಗಳವರೆಗಿನ ಸೆರೆವಾಸ, ಅಥವಾ ಒಂದು ಲಕ್ಷ ರೂಪಾಯಿಗಳವರೆಗಿನ ದಂಡ, ಅಥವಾ ಎರಡೂ ಎಂದಾಗಿದೆ. ರಾಜ್ಯದ ರಕ್ಷಣೆಯಲ್ಲಿರುವ ಸ್ಮಾರಕಗಳಿಗೆ ೧೯೬೧ರ ಕರ್ನಾಟಕದ ಕಾಯಿದೆಯಿದೆ. ಆದರೆ ಸಾವಿರಾರು ಎಕರೆಗಳ ಬಂಡೆಯ ಮೇಲೆ ಹರಡಿರುವ ಗೋಡೆಗೆ ಒಬ್ಬಿಬ್ಬರು ಕಾವಲುಗಾರರು ಏನು ಮಾಡಿಯಾರು? ಕಾಯಿದೆಯು ಹಲಗೆಯ ಮೇಲೆ ಬರೆದ ಅಕ್ಷರವಾಗಿ ನಿಲ್ಲುತ್ತದೆ. ಆ ಹಲಗೆಯ ಮೇಲೆಯೇ ಯಾರೋ ಹೆಸರು ಗೀಚಿರುತ್ತಾರೆ. ದುರ್ಗಕ್ಕೆ ನಿಜವಾದ ಕಾವಲು ಬರುವುದು ಅದನ್ನು ತನ್ನದೆಂದು ತಿಳಿದ ಯಾತ್ರಿಕನಿಂದಲೂ, ಅದರ ತಪ್ಪಲಿನಲ್ಲಿ ಬಾಳುವ ಹಳ್ಳಿಗರಿಂದಲೂ ಮಾತ್ರ.

ಈ ವಿಷಯದಲ್ಲಿ ನಮ್ಮ ನೆರೆಯವರನ್ನು ನೋಡಿ ಕಲಿಯುವುದರಲ್ಲಿ ಅವಮಾನವಿಲ್ಲ. ಮಹಾರಾಷ್ಟ್ರದಲ್ಲಿ ದುರ್ಗಗಳನ್ನು ಹತ್ತುವುದು ಒಂದು ವ್ರತದಂತೆ ಬೆಳೆದಿದೆ. ಗೋ. ನೀ. ದಾಂಡೇಕರರಂತಹ ಸಾಹಿತಿಗಳು ಬದುಕಿನುದ್ದಕ್ಕೂ ದುರ್ಗಗಳಲ್ಲಿ ಅಲೆದು, ಕಂಡುದನ್ನು ಬರೆದು, ಎರಡು ಮೂರು ತಲೆಮಾರಿನ ತರುಣರನ್ನು ಬೆಟ್ಟದ ದಾರಿಗೆ ಹಚ್ಚಿದರು. ದೀಪಾವಳಿಯಲ್ಲಿ ಅಲ್ಲಿನ ಮಕ್ಕಳು ಮನೆಯಂಗಳದಲ್ಲಿ ಮಣ್ಣಿನ ಕೋಟೆಯನ್ನು ಕಟ್ಟುತ್ತಾರೆ. ನಮ್ಮ ಬೆಳಗಾವಿಯಲ್ಲಿಯೂ ಈ ಪದ್ಧತಿ ಉಂಟು. ಬುರುಜು ಎಲ್ಲಿ, ಬಾಗಿಲೆಲ್ಲಿ, ಕೊಳವೆಲ್ಲಿ ಎಂಬುದು ಆ ಮಕ್ಕಳ ಬೆರಳಿಗೆ ಗೊತ್ತು. ಇಂತಹ ಜನಾಭಿಮಾನದ ಬೆಂಬಲವಿದ್ದುದರಿಂದ ೨೦೨೫ರಲ್ಲಿ ಮರಾಠರ ಕಾಲದ ೧೨ ಕೋಟೆಗಳು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದಾಗ ಅದು ಸರ್ಕಾರದ ಸಮಾರಂಭವಾಗಿ ಮಾತ್ರ ಉಳಿಯಲಿಲ್ಲ, ಜನರ ಹಬ್ಬವಾಯಿತು. ರಾಜಸ್ಥಾನದ ಆರು ಗಿರಿದುರ್ಗಗಳು ೨೦೧೩ರಲ್ಲಿಯೇ ಆ ಪಟ್ಟಿಯನ್ನು ಸೇರಿದ್ದುವು. ನಮ್ಮ ನಾಡಿನ ಹಂಪೆ, ಪಟ್ಟದಕಲ್ಲು, ಹೊಯ್ಸಳರ ದೇವಾಲಯಗಳು, ಪಶ್ಚಿಮಘಟ್ಟದ ಕಾಡುಗಳು ಅಲ್ಲಿವೆ; ಗಿರಿದುರ್ಗವೊಂದೂ ಇಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ? ಪಟ್ಟಿಯಲ್ಲಿ ಸೇರುವುದೇ ಪರಮಾರ್ಥವೆಂದು ನಾವು ಹೇಳುವುದಿಲ್ಲ. ಮೊದಲು ನಮ್ಮ ಮಕ್ಕಳ ಬೆರಳಿಗೆ ಚಿತ್ರದುರ್ಗದ ಏಳು ಸುತ್ತುಗಳು ಗೊತ್ತಾಗಲಿ. ಪಟ್ಟಿಯು ಆ ಮೇಲೆ ಬಂದೀತು.

ಜನರ ಅನುಕೂಲಕ್ಕಾಗಿ ದುರ್ಗಗಳಿಗೆ ತಂತಿಯ ಮೇಲಿನ ತೊಟ್ಟಿಲುಗಳನ್ನು, ಅಂದರೆ ರೋಪ್‌ವೇಗಳನ್ನು ಹಾಕಬೇಕೆಂಬ ಮಾತು ಆಗಾಗ್ಗೆ ಕೇಳಿಬರುತ್ತದೆ. ಮುದುಕರೂ ಅಶಕ್ತರೂ ಮೇಲಕ್ಕೆ ಹೋಗಬಾರದೆ ಎಂಬ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಸುಮಾರು ೪,೮೫೦ ಅಡಿ ಎತ್ತರದ ನಂದಿಯಂತಹ ಸ್ಥಳಕ್ಕೆ ಮೋಟಾರು ರಸ್ತೆಯೇ ಇದೆ. ಗಾಂಧೀಜಿಯವರು ೧೯೨೭ರಲ್ಲಿ ಆರೋಗ್ಯ ಸುಧಾರಣೆಗಾಗಿ ಅಲ್ಲಿ ತಂಗಿದ್ದರು. ವಿಶ್ರಾಂತಿಧಾಮಗಳಾಗಿ ಪರಿಣಮಿಸಿರುವ ಬೆಟ್ಟಗಳ ಮಾತು ಹಾಗಿರಲಿ. ಆದರೆ ಹತ್ತುವ ದಾರಿಯೇ ಅರ್ಥವಾಗಿರುವ ದುರ್ಗದಲ್ಲಿ ದಾರಿಯನ್ನು ತಪ್ಪಿಸಿ ತುದಿಯನ್ನು ಮಾತ್ರ ಕೊಟ್ಟರೆ ಕೊಟ್ಟದ್ದೇನು? ಬಾಗಿಲುಗಳನ್ನೂ ಹೊಂಡಗಳನ್ನೂ ತಲೆಯ ಮೇಲಿನಿಂದ ಹಾರಿಸಿಕೊಂಡು ಹೋಗಿ ಬೋಳು ಬಂಡೆಯ ಮೇಲೆ ಇಳಿಸಿದಂತಾಯಿತು. ಗಂಟೆಗೆ ನೂರಾರು ಜನರು ಅಲ್ಲಿಗೆ ಬಂದಿಳಿದರೆ ಅವರಿಗೆ ನೀರು, ನೆರಳು, ಶೌಚಸ್ಥಳ, ಫಲಾಹಾರದ ಅಂಗಡಿ ಎಲ್ಲವೂ ಮೇಲೆಯೇ ಬೇಕಾಗುತ್ತವೆ. ಅವುಗಳ ಕೊಳೆಯೆಲ್ಲವೂ ಇಳಿಯುವುದು ಆ ದೊಣೆಗಳಿಗೇ. ಅಶಕ್ತರಿಗಾಗಿ ಕೆಳಕೋಟೆಯ ದಾರಿಯನ್ನು ಸಮಮಾಡಿ, ಕೂರಲು ಜಗಲಿಗಳನ್ನೂ, ದುರ್ಗದ ಇಡೀ ರೂಪವನ್ನು ತೋರಿಸುವ ಮಾದರಿಯೊಂದನ್ನೂ ತಪ್ಪಲಿನಲ್ಲಿಟ್ಟರೆ ಕಡಿಮೆ ವೆಚ್ಚದಲ್ಲಿ ಹೆಚ್ಚಿನ ಪ್ರಯೋಜನವಾಗುವುದು. ಅಧಿಕಾರಿವರ್ಗದವರು ಇದನ್ನು ಪರಿಶೀಲಿಸಬೇಕೆಂದು ಪ್ರಾರ್ಥಿಸುತ್ತೇವೆ.

ಸರ್ಕಾರದವರೂ ಸ್ಥಳೀಯ ಸಂಸ್ಥೆಗಳೂ ಮಾಡತಕ್ಕ ಕೆಲಸಗಳು ದೊಡ್ಡವಲ್ಲ. ಪ್ರತಿವರ್ಷ ಮುಂಗಾರಿಗೆ ಮೊದಲು, ಪುರಾತತ್ತ್ವ ಇಲಾಖೆಯ ಅನುಮತಿಯನ್ನು ಪಡೆದು, ಅದರ ನೌಕರರ ಕಣ್ಣೆದುರಿನಲ್ಲಿಯೇ, ಒಂದೊಂದು ದುರ್ಗದ ಹೊಂಡಗಳ ಹೂಳನ್ನೂ ಕಾಲುವೆಗಳ ಕಸವನ್ನೂ ತೆಗೆಸಬೇಕು. ಪ್ರತಿಯೊಂದು ಬಾಗಿಲಿನ ಬಳಿಯಲ್ಲಿಯೂ ಕೊಳದ ಬಳಿಯಲ್ಲಿಯೂ ಅದರ ಹೆಸರನ್ನೂ ಉಪಯೋಗವನ್ನೂ ತಿಳಿಸುವ ನಾಲ್ಕು ಸಾಲಿನ ಕನ್ನಡ ಫಲಕವಿರಬೇಕು. ತಪ್ಪಲಿನ ಹಳ್ಳಿಯ ತರುಣರಿಗೆ ತರಬೇತಿಯನ್ನಿತ್ತು, ಯಾತ್ರಿಕರಿಗೆ ದಾರಿ ತೋರಿಸುವ ಕೆಲಸವನ್ನೂ ಅದಕ್ಕೆ ತಕ್ಕ ಕೂಲಿಯನ್ನೂ ಅವರಿಗೆ ಒದಗಿಸಬೇಕು. ನಮಗೆ ದೊಣೆಯನ್ನು ತೋರಿಸಿದ ಕುರಿಗಾರನಿಗಿಂತ ಉತ್ತಮನಾದ ಮಾರ್ಗದರ್ಶಿಯನ್ನು ಯಾವ ಇಲಾಖೆಯೂ ಕೊಡಲಾರದು. ಮೇಲಕ್ಕೆ ಒಯ್ಯುವ ಪ್ರತಿಯೊಂದು ಸೀಸೆಗೂ ಬುಡದಲ್ಲಿ ಸ್ವಲ್ಪ ಹಣವನ್ನು ಠೇವಣಿಯಾಗಿ ಪಡೆದು, ಸೀಸೆಯೊಡನೆ ಹಿಂದಿರುಗಿದವರಿಗೆ ಅದನ್ನು ಮರಳಿ ಕೊಡುವ ಏರ್ಪಾಡಾಗಬೇಕು. ಉಪದೇಶಕ್ಕೆ ಬಗ್ಗದವನು ಹತ್ತು ರೂಪಾಯಿಗೆ ಬಗ್ಗುವುದು ಲೋಕರೂಢಿ.

ಉಪಾಧ್ಯಾಯರಿಗೆ ನಮ್ಮದು ವಿಶೇಷವಾದ ವಿಜ್ಞಾಪನೆ. ಶಾಲೆಯ ಮಕ್ಕಳನ್ನು ದೂರದ ವಿನೋದೋದ್ಯಾನಗಳಿಗೆ ಕರೆದೊಯ್ಯುವ ಬದಲು ವರ್ಷಕ್ಕೊಮ್ಮೆ ತಮ್ಮ ಸೀಮೆಯ ದುರ್ಗಕ್ಕೆ ಕರೆದೊಯ್ಯಲಿ. ಮೇಲೆ ಬಿದ್ದ ಮಳೆಯ ಹನಿಯು ಯಾವ ಯಾವ ದಾರಿಯಿಂದ ಯಾವ ಕೊಳವನ್ನು ಸೇರುವುದೆಂಬ ನಕ್ಷೆಯನ್ನು ಮಕ್ಕಳ ಕೈಯಿಂದಲೇ ಬರೆಯಿಸಲಿ. ಚರಿತ್ರೆ, ಭೂಗೋಳ, ವಿಜ್ಞಾನ, ಗಣಿತ ನಾಲ್ಕೂ ಆ ಒಂದು ಹಾಳೆಯಲ್ಲಿ ಬಂದು ಕೂಡುತ್ತವೆ. ಹೊರಡುವ ಮೊದಲು ಸ್ಥಳೀಯ ಶಾಸನಗಳನ್ನು ನೋಡಬಯಸುವವರಿಗೆ ರೈಸ್ ಸಾಹೇಬರೂ ಅವರ ಅನಂತರದ ವಿದ್ವಾಂಸರೂ ಊರೂರು ಅಲೆದು ಸಂಗ್ರಹಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳಿವೆ, ಕಥೆಯ ರುಚಿಯುಳ್ಳವರಿಗೆ ತ. ರಾ. ಸು. ಅವರ ‘ದುರ್ಗಾಸ್ತಮಾನ’ವಿದೆ.

ಇನ್ನು ಯಾತ್ರಿಕರಿಗೆ ನಾಲ್ಕು ಮಾತು. ಬೆಳಕು ಹರಿಯುವ ಹೊತ್ತಿಗೆ ಹತ್ತಲು ಮೊದಲುಮಾಡಿ, ಬಿಸಿಲೇರುವ ಮೊದಲೇ ತುದಿಯನ್ನು ಸೇರಬೇಕು. ಕತ್ತಲಾಗುವ ಮುನ್ನ ತಪ್ಪಲಿನಲ್ಲಿರಬೇಕು. ಮಳೆ ಬಿದ್ದು ಒದ್ದೆಯಾದ ಬಂಡೆಯು ಎಣ್ಣೆಯಂತೆ ಜಾರುತ್ತದೆ. ಆ ದಿನ ಹಿಂದಿರುಗುವುದು ಹೇಡಿತನವಲ್ಲ, ವಿವೇಕ. ಇಳಿಯುವಾಗಿನ ಅಪಾಯವು ಹತ್ತುವಾಗಿನದಕ್ಕಿಂತ ಹೆಚ್ಚೆಂಬುದನ್ನು ಮರೆಯಬಾರದು. ಪಾಚಿಗಟ್ಟಿದ ಹೊಂಡಗಳ ಮೆಟ್ಟಿಲುಗಳಲ್ಲಿ ಇಳಿಯಬಾರದು. ಈಜು ಬಲ್ಲವರೂ ಅಲ್ಲಿ ಪ್ರಾಣ ಕಳೆದುಕೊಳ್ಳಬಹುದು. ಬಂಡೆಗಳ ಅಂಚಿನಲ್ಲಿ ಹೆಜ್ಜೇನು ಕಟ್ಟಿರುವ ಕಡೆಗಳಲ್ಲಿ ಕೂಗಾಟವೂ ಬೆಂಕಿಹೊಗೆಯೂ ಸಲ್ಲದು. ಒಯ್ದುದನ್ನೆಲ್ಲ ಹಿಂದಕ್ಕೆ ತರಬೇಕು. ಸಾಧ್ಯವಾದರೆ ಇನ್ನೊಬ್ಬರು ಬಿಟ್ಟುದನ್ನೂ ಒಂದು ಚೀಲದಷ್ಟು ತರಬೇಕು. ಇವೆಲ್ಲವೂ ಆದ ಮೇಲೆ, ಅವಸರಪಡದೆ, ದೊಣೆಯ ಬಳಿಯಲ್ಲಿ ಒಂದು ಗಳಿಗೆ ಕುಳಿತು, ಈ ನೀರನ್ನು ಇಲ್ಲಿ ನಿಲ್ಲಿಸಿದವರು ಯಾರೆಂದು ಯೋಚಿಸಬೇಕು. ತುದಿಯ ನೋಟಕ್ಕಿಂತ ಆ ಗಳಿಗೆಯೇ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುವುದೆಂದು ನಾವು ಅನುಭವದಿಂದ ಹೇಳಬಲ್ಲೆವು.

ನಮ್ಮ ಗಿರಿದುರ್ಗಗಳು ಹೊಯ್ಸಳರ ಮುತ್ತಿಗೆಯನ್ನು ಕಂಡಿವೆ, ಹೈದರನ ಮುತ್ತಿಗೆಯನ್ನು ಕಂಡಿವೆ, ಕಂಪನಿಯ ಫಿರಂಗಿಗಳನ್ನೂ ಕಂಡಿವೆ. ಅವುಗಳೆಲ್ಲವೂ ಕಳೆದುಹೋದ ಮೇಲೆಯೂ ಕಲ್ಲಿನ ದೊಣೆಯಲ್ಲಿ ಮಳೆಯ ನೀರು ನಿಲ್ಲುತ್ತಿತ್ತು, ಕುರಿಯ ಹಿಂಡು ಬಂದು ಕುಡಿಯುತ್ತಿತ್ತು. ಶತ್ರುವಿಗೆ ಸಾಧ್ಯವಾಗದ ಆ ಒಂದು ಕೇಡನ್ನು ರಜೆಗೆ ಬಂದ ಸ್ನೇಹಿತರು ಮಾಡಿದರೆಂಬ ಅಪಕೀರ್ತಿ ನಮ್ಮ ಕಾಲಕ್ಕೆ ಬಾರದಿರಲಿ. ಮುಂದಿನ ರಜೆಯಲ್ಲಿ ವಾಚಕರು ತಮ್ಮ ಸಮೀಪದ ದುರ್ಗವನ್ನು ಅವಶ್ಯವಾಗಿ ಹತ್ತಬೇಕು. ಹತ್ತುವಾಗ ಮೊದಲು ಕುರಿಗಾರನನ್ನು ಹುಡುಕಿ, ದೊಣೆ ಎಲ್ಲಿದೆಯೆಂದು ಕೇಳಬೇಕು.